ಬೈಪಾಸ್ ಆದವರಿಗೆ ಮತ್ತೆ ಆಂಜಿಯೋ: ಬಲಗೈ, ಎಡಗೈ, ತೊಡೆಸಂದಿ, ಯಾವ ಕಡೆಯಿಂದ?

ಬೆಟಗೇರಿ ಮಗಳು | ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮಪ್ಪಾಜಿಗೆ 67 ವರ್ಷ. ಗದಗ-ಬೆಟಗೇರಿಯಲ್ಲಿ ಇರುತ್ತಾರೆ. ನೇಕಾರರು. ಈಗಲೂ ಬೆಳಿಗ್ಗೆ ಒಂದೆರಡು ತಾಸು ಮಗ್ಗದಲ್ಲಿ ಕೂತರೇನೇ ಅವರಿಗೆ ಸಮಾಧಾನ. 12 ವರ್ಷದ ಹಿಂದೆ ಬೈಪಾಸ್ ಆಗಿದೆ. ಇಷ್ಟು ದಿನ ಚೆನ್ನಾಗಿಯೇ ಇದ್ದರು. ದೀಪಾವಳಿ ಆದಮೇಲೆ ಮಹಡಿ ಹತ್ತುವಾಗ ಎದೆ ಹಿಡಿದಂಗ ಆಗ್ತದ, ನಿಂತರ ಹೋಗ್ತದ ಅನ್ನುತ್ತಿದ್ದಾರೆ. ಹುಬ್ಬಳ್ಳಿಯಲ್ಲಿ ತೋರಿಸಿದೆವು. ಇಸಿಜಿ, ಎಕೋ ಆಯಿತು. ಆಂಜಿಯೋಗ್ರಾಂ, ಅಂದರೆ ರಕ್ತನಾಳದೊಳಗೆ ಸಣ್ಣ ಪೈಪ್ ಬಿಟ್ಟು, ಡೈ (ಬಣ್ಣದ ದ್ರವ) ಹಾಕಿ ಹೃದಯದ ನಾಳ ನೋಡುವ ಪರೀಕ್ಷೆ, ಮಾಡಲೇಬೇಕು ಅಂದರು.

ನನ್ನ ಗೊಂದಲ ಇಷ್ಟೇ. ಮೊದಲು ನೋಡಿದ ಡಾಕ್ಟರು "ಕೈಯಿಂದ ಮಾಡ್ತೀವಿ, ಸಂಜೆಗೆ ಮನೆಗೆ ಹೋಗಬಹುದು" ಅಂದರು. ಇನ್ನೊಬ್ಬರ ಮಾತೂ ಕೇಳೋಣ ಅಂತ ಧಾರವಾಡಕ್ಕೆ ಹೋದೆವು. ಅವರು "ಬೈಪಾಸ್ ಆದವರಿಗೆ ನಾವು ತೊಡೆಸಂದಿಯಿಂದಲೇ ಮಾಡೋದು" ಅಂದರು. ಇಬ್ಬರೂ ದೊಡ್ಡ ಡಾಕ್ಟರೇ. ಇಬ್ಬರ ಮಾತಲ್ಲೂ ಧೈರ್ಯ ಇತ್ತು. ಯಾರದ್ದು ಸರಿ? ಅಪ್ಪಾಜಿಗಂತೂ ಒಂದೇ ಚಿಂತೆ, "ಕೈಗೆ ಏನಾರ ಆದರ ಲಾಳಿ ಹ್ಯಾಂಗ ಎಳೀಲಿ" ಅಂತ.

---

ಹಾವೇರಿ ಮಾಸ್ತರ | ಸೋಮವಾರ, ರಾತ್ರಿ 10:15

ತಂಗೀ, ನನಗೂ ಬೈಪಾಸ್ ಆಗಿ 9 ವರ್ಷ. ಹೋದ ವರ್ಷ ಆಂಜಿಯೋ ಮಾಡಿಸಿಕೊಂಡೆ. ಆಸ್ಪತ್ರೆ ಹೆಸರು ಬೇಡ. ಯಾರೂ ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಸೀದಾ ಬಲಗೈ ಮಣಿಕಟ್ಟಿಗೆ ಸೂಜಿ ಹಾಕಿದರು. ಎರಡು ನಾಳ ನೋಡಿದರು. ಎದೆಯಿಂದ ತಂದು ಜೋಡಿಸಿದ ಮುಖ್ಯ ನಾಳ ಮಾತ್ರ ಸಿಗಲಿಲ್ಲ. ಪೈಪ್ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಕೈ ಒಳಗೆ ಹಿಂಡಿದಂತೆ ನೋವು. ಮುಕ್ಕಾಲು ತಾಸಾದ ಮೇಲೆ "ಕಾಲಿಂದ ಹೋಗಬೇಕಾಗ್ತದ" ಅಂದರು. ಕೈಗೂ ಪಟ್ಟಿ, ತೊಡೆಗೂ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಅವರು ಬೇಕಂತಲೇ ಮಾಡಿದರು ಅನ್ನುವುದಿಲ್ಲ. ಆದರೆ ಒಂದು ಮಾತು ಮೊದಲೇ ಆಡಿದ್ದರೆ ಇದು ತಪ್ಪುತ್ತಿತ್ತು ಅನ್ನುವ ಸಂಕಟ ಇನ್ನೂ ಇದೆ. ಅದಕ್ಕೇ ಹೇಳುತ್ತಿದ್ದೇನೆ. ಟೇಬಲ್ ಮೇಲೆ ಮಲಗುವ ಮೊದಲೇ ಕೇಳು.

---

ವಿದ್ಯಾನಗರದವ | ಸೋಮವಾರ, ರಾತ್ರಿ 10:32

ಅಕ್ಕಾ, ಕೈಯಿಂದಲೇ ಮಾಡಿಸಿ. ನಮ್ಮ ತಂದೆಗೆ ಎರಡು ಸ್ಟೆಂಟ್ ಹಾಕಿದ್ದು ಮಣಿಕಟ್ಟಿನಿಂದಲೇ. ಎರಡು ತಾಸಿಗೆ ಎದ್ದು ಕೂತು ಉಪ್ಪಿಟ್ಟು ತಿಂದರು. ತೊಡೆಸಂದಿ ಹಳೆಯ ಪದ್ಧತಿ. 2015ರಲ್ಲಿ ಮೇಟ್ರಿಕ್ಸ್ ಅನ್ನುವ ದೊಡ್ಡ ಅಧ್ಯಯನ ಬಂತು. 8,400 ಜನರನ್ನು ನೋಡಿದ್ದಾರೆ. ಕೈಯಿಂದ ಮಾಡಿದವರಿಗೆ ರಕ್ತಸ್ರಾವ ಕಡಿಮೆ ಅಂತ ಅದರಲ್ಲಿ ಸ್ಪಷ್ಟ ಇದೆ. ಇನ್ನೂ ಕಾಲಿಂದ ಮಾಡುವವರು ಕೈಯಿಂದ ಕಲಿತಿಲ್ಲ ಅಂತಲೇ ನನ್ನ ಅನಿಸಿಕೆ.

---

ಕ್ಯಾಥ್ ಲ್ಯಾಬ್ ಸಿಸ್ಟರ್ | ಮಂಗಳವಾರ, ಬೆಳಿಗ್ಗೆ 6:50

ಡ್ಯೂಟಿಗೆ ಹೊರಡುವ ಮೊದಲು ಬರೆಯುತ್ತಿದ್ದೇನೆ, ಬೆಟಗೇರಿ ಅಕ್ಕಾ.

ಕೈಯಾ ಕಾಲಾ ಅನ್ನುವ ಪ್ರಶ್ನೆ ಆಮೇಲೆ. ಮೊದಲು 12 ವರ್ಷದ ಹಿಂದಿನ ಆಪರೇಷನ್ ಪೇಪರ್ ಹುಡುಕಿ. ಡಿಸ್ಚಾರ್ಜ್ ಕಾರ್ಡ್ ಇದ್ದರೂ ಸಾಕು. ಅದರಲ್ಲಿ ಯಾವ ನಾಳ ಎಲ್ಲಿಂದ ತೆಗೆದರು, ಎಲ್ಲಿಗೆ ಹೊಲಿದರು ಅಂತ ಒಂದೆರಡು ಸಾಲು ಇರುತ್ತದೆ. ಆ ಎರಡು ಸಾಲು ಇಲ್ಲದೆ ಒಳಗೆ ಹೋದರೆ ಡಾಕ್ಟರು ಕತ್ತಲಲ್ಲಿ ಬಾಗಿಲು ಹುಡುಕಿದಂತೆ. ಎಷ್ಟು ಗ್ರಾಫ್ಟ್ (ಬೈಪಾಸ್‌ನಲ್ಲಿ ಜೋಡಿಸಿದ ನಾಳ) ಇವೆ ಅಂತಲೇ ಗೊತ್ತಿರುವುದಿಲ್ಲ. ಒಂದು ಸಿಗದಿದ್ದರೆ ಅದು ಮುಚ್ಚಿದೆಯೋ, ಮೊದಲಿಂದ ಇರಲೇ ಇಲ್ಲವೋ ಅಂತ ಗೊತ್ತಾಗುವುದಿಲ್ಲ. ಸುಮ್ನೆ ಡೈ ಹೋಗುತ್ತದೆ, ಹೊತ್ತು ಹೋಗುತ್ತದೆ.

ಇನ್ನೊಂದು. ಅಪ್ಪಾಜಿ ಅವರ ಎರಡೂ ಕೈಯ ತೋಳು ಮಡಚಿ ನೋಡಿ. ಮುಂಗೈ ಒಳಭಾಗದಲ್ಲಿ ಉದ್ದ ಹೊಲಿಗೆ ಗುರುತು ಇದೆಯಾ? ಮನೆಯವರು "ಕಾಲಿನ ನರ ತೆಗೆದು ಹಾಕಿದಾರ" ಅಂತ ಮಾತ್ರ ಹೇಳುತ್ತಾರೆ. ಕೆಲವರಿಗೆ ಕೈಯಿಂದಲೂ ತೆಗೆದಿರುತ್ತಾರೆ. ಎರಡೂ ಕೈಯಲ್ಲಿ ಬಿಪಿ ನೋಡಿಸಿ, ಬರೆದಿಟ್ಟುಕೊಳ್ಳಿ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಇರಲಿ. ಶುಗರ್ ಇದ್ದು ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ, ರಕ್ತ ತೆಳು ಮಾಡುವ ಗುಳಿಗೆ ಇದ್ದರೆ ಮೊದಲೇ ಹೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

---

ಹೃದಯ ವಿಭಾಗದ ವೈದ್ಯ | ಮಂಗಳವಾರ, ಮಧ್ಯಾಹ್ನ 2:05

ಸಿಸ್ಟರ್ ಹೇಳಿದ್ದು ಪೂರ್ತಿ ಸರಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ತಿಳಿದರೆ ಇಬ್ಬರು ಡಾಕ್ಟರು ಬೇರೆಬೇರೆ ಹೇಳಿದ್ದು ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ.

ಬೈಪಾಸ್‌ನಲ್ಲಿ ಸಾಮಾನ್ಯವಾಗಿ ಎರಡು ಥರದ ನಾಳ ಬಳಸುತ್ತಾರೆ. ಒಂದು ಕಾಲಿನದು. ಅದನ್ನು ಪೂರ್ತಿ ಕತ್ತರಿಸಿ ತಂದು, ಹೃದಯದಿಂದ ಮೇಲಕ್ಕೆ ಏಳುವ ಮಹಾರಕ್ತನಾಳಕ್ಕೆ ಒಂದು ತುದಿ, ಹೃದಯದ ನಾಳಕ್ಕೆ ಇನ್ನೊಂದು ತುದಿ ಹೊಲಿಯುತ್ತಾರೆ. ಇನ್ನೊಂದು ಎದೆಮೂಳೆಯ ಎಡಪಕ್ಕದಲ್ಲಿ ಇಳಿಯುವ ನಾಳ. ನಾವು ಲೀಮಾ ಅನ್ನುತ್ತೇವೆ. ಇದರ ಬುಡವನ್ನು ಮುಟ್ಟುವುದಿಲ್ಲ. ಅದು ಎಡಗೈಗೆ ರಕ್ತ ಒಯ್ಯುವ ದೊಡ್ಡ ನಾಳದಿಂದ ಕವಲೊಡೆದು ಬರುತ್ತದೆ. ತುದಿಯನ್ನು ಮಾತ್ರ ಬಿಡಿಸಿ ಹೃದಯದ ಮುಂಭಾಗದ ನಾಳಕ್ಕೆ ಹೊಲಿಯುತ್ತಾರೆ. ನವಲಗುಂದ, ನರಗುಂದದ ಕಡೆಯವರು ಮಲಪ್ರಭಾ ಕಾಲುವೆ ನೋಡಿರುತ್ತೀರಿ. ದೊಡ್ಡ ಕಾಲುವೆಯಿಂದ ಒಡೆದ ಕಿರುಗಾಲುವೆಯ ಬಾಯಿ ಹಾಗೇ ಇಟ್ಟು, ಕೊನೆಯಲ್ಲಿ ನೀರು ಬೇರೆ ಹೊಲಕ್ಕೆ ತಿರುಗಿಸಿದ ಹಾಗೆ. ಲೀಮಾ ಬಲು ಗಟ್ಟಿ. 10 ವರ್ಷ ಆದರೂ ಹತ್ತರಲ್ಲಿ ಒಂಬತ್ತು ಜನಕ್ಕೆ ಅದು ತೆರೆದೇ ಇರುತ್ತದೆ. ಕಾಲಿನ ನಾಳ ಹಾಗಲ್ಲ. ಅಷ್ಟು ಹೊತ್ತಿಗೆ ಸುಮಾರು ಅರ್ಧದಷ್ಟು ಮುಚ್ಚಿರುತ್ತವೆ, ಇಲ್ಲವೇ ಕೆಟ್ಟಿರುತ್ತವೆ.

ಈಗ ದಾರಿ ನೋಡಿ. ಎಡಗೈ ಮಣಿಕಟ್ಟಿನಿಂದ ಪೈಪ್ ಮೇಲಕ್ಕೆ ಹೋದರೆ ಲೀಮಾದ ಬಾಯಿ ದಾರಿಯಲ್ಲೇ ಸಿಗುತ್ತದೆ. ತೊಡೆಸಂದಿಯಿಂದ ಬಂದರೂ ಎಡಗೈಯ ನಾಳಕ್ಕೆ ತಿರುಗುವುದು ಸುಲಭ. ಬಲಗೈಯಿಂದ ಬಂದರೆ ಮಾತ್ರ ಪೈಪ್ ಒಮ್ಮೆ ಕೆಳಗಿಳಿದು, ಮಹಾರಕ್ತನಾಳದ ಕಮಾನಿನಲ್ಲಿ ಹೊರಳಿ, ಮತ್ತೆ ಎಡಕ್ಕೆ ಮೇಲೇರಬೇಕು. ಮಾಡುವವರು ಇದ್ದಾರೆ. ಎಲ್ಲರಿಗೂ, ಎಲ್ಲ ರೋಗಿಗೂ ಆಗುವುದಿಲ್ಲ. ಹಾವೇರಿ ಮಾಸ್ತರಿಗೆ ಆಗಿದ್ದು ಇದೇ.

ಹಾಗಾಗಿ ಬೈಪಾಸ್ ಆದವರಿಗೆ ಕೈ ಅಂದರೆ ನನ್ನ ಲೆಕ್ಕದಲ್ಲಿ ಎಡಗೈ. ಇದಕ್ಕೂ ಒಂದು ತೊಡಕಿದೆ. ನಾವು ನಿಲ್ಲುವುದು ರೋಗಿಯ ಬಲಪಕ್ಕ. ಎಡಗೈಯನ್ನು ಹೊಟ್ಟೆ ಮೇಲೆ ತಂದಿಟ್ಟು, ಬಗ್ಗಿ ಕೆಲಸ ಮಾಡಬೇಕು. ಹೊಟ್ಟೆ ದೊಡ್ಡದಿದ್ದರೆ ಇಬ್ಬರಿಗೂ ಕಷ್ಟ. ಈಚೆಗೆ ಹೆಬ್ಬೆರಳಿನ ಬುಡದ ಗುಳಿಯಲ್ಲೇ ಸೂಜಿ ಹಾಕುವ ವಿಧಾನ ಬಂದಿದೆ. ಅದರಲ್ಲಿ ಕೈ ಮಗುಚದೆ ಆರಾಮಾಗಿ ಇಡಬಹುದು.

ವಿದ್ಯಾನಗರದವರಿಗೆ: ಮೇಟ್ರಿಕ್ಸ್ ಒಳ್ಳೆಯ ಅಧ್ಯಯನವೇ. ಆದರೆ ಅದರಲ್ಲಿ ಇದ್ದವರು ಹೃದಯಾಘಾತದಂಥ ತುರ್ತಿನಲ್ಲಿ ಬಂದವರು, ಅವರಲ್ಲಿ ಬೈಪಾಸ್ ಆದವರು ತೀರಾ ಕಡಿಮೆ. ಬೈಪಾಸ್ ಆದವರನ್ನೇ ಆರಿಸಿ ಅಮೆರಿಕದಲ್ಲಿ ಮಾಡಿದ ಒಂದು ಅಧ್ಯಯನ 2013ರಲ್ಲಿ ಬಂತು. ಚಿಕ್ಕದು, 128 ಜನ. ಅದರಲ್ಲಿ ಕೈಯಿಂದ ಮಾಡಿದವರಿಗೇ ಡೈ ಜಾಸ್ತಿ ಬೇಕಾಯಿತು, ಹೊತ್ತೂ ಜಾಸ್ತಿ ಹಿಡಿಯಿತು. ಸುಮಾರು ಆರರಲ್ಲಿ ಒಬ್ಬರಿಗೆ ಕೊನೆಗೆ ತೊಡೆಸಂದಿಗೇ ಬರಬೇಕಾಯಿತು. ದಿನಾ ಎಡಗೈಯಿಂದ ಮಾಡಿ ಪಳಗಿದವರ ಕೈಯಲ್ಲಿ ಈ ಅಂತರ ಕಡಿಮೆ ಆಗುತ್ತದೆ. ಅಂದರೆ ಮಾಡುವವರ ರೂಢಿಯೂ ಮುಖ್ಯ. ಕಾಲಿಂದ ಮಾಡುವವರು ಕಲಿತಿಲ್ಲ ಅನ್ನುವುದು ಸರಿಯಲ್ಲ.

---

ವಿದ್ಯಾನಗರದವ | ಮಂಗಳವಾರ, ಮಧ್ಯಾಹ್ನ 3:20

ಸರ್, ಒಪ್ಪಿದೆ. ನಮ್ಮ ತಂದೆಗೆ ಬೈಪಾಸ್ ಆಗಿರಲಿಲ್ಲ, ಬರೀ ಸ್ಟೆಂಟ್. ಆ ವ್ಯತ್ಯಾಸ ನಾನು ಯೋಚನೆ ಮಾಡಿರಲಿಲ್ಲ. ಆದರೆ ಒಂದು ಕೇಳುತ್ತೇನೆ. ತೊಡೆಸಂದಿಯಲ್ಲಿ ರಕ್ತಸ್ರಾವದ ಭಯ ನಿಜ ಅಲ್ವಾ? ನಮ್ಮ ಪಕ್ಕದ ಮನೆ ಕಾಕಾನ ತೊಡೆ ಪೂರ್ತಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

---

ಹೃದಯ ವಿಭಾಗದ ವೈದ್ಯ | ಮಂಗಳವಾರ, ಸಂಜೆ 5:10

ನಿಜ. ಮಣಿಕಟ್ಟಿನ ನಾಳ ಚರ್ಮದ ಕೆಳಗೇ ಇದೆ, ಹಿಂದೆ ಮೂಳೆ ಇದೆ. ಒತ್ತಿ ಹಿಡಿದರೆ ನಿಲ್ಲುತ್ತದೆ. ಅದು ಮುಚ್ಚಿಹೋದರೂ ಕಿರುಬೆರಳಿನ ಕಡೆಯ ನಾಳ ಕೈಯನ್ನು ಸಾಕುತ್ತದೆ. ತೊಡೆಸಂದಿಯ ನಾಳ ದೊಡ್ಡದು, ಆಳದಲ್ಲಿದೆ. ಸೂಜಿ ಸರಿಯಾದ ಜಾಗಕ್ಕಿಂತ ಮೇಲೆ ಬಿದ್ದರೆ ರಕ್ತ ಹೊರಗೆ ಕಾಣದೆ ಹೊಟ್ಟೆಯ ಹಿಂಭಾಗದಲ್ಲಿ ತುಂಬಬಹುದು. ಅದಕ್ಕೇ ಈಗ ಅಲ್ಟ್ರಾಸೌಂಡ್ ಇಟ್ಟು, ನಾಳವನ್ನು ಕಣ್ಣಾರೆ ನೋಡಿಕೊಂಡೇ ಸೂಜಿ ಹಾಕಿ ಅನ್ನುತ್ತೇವೆ. ತೊಡೆಸಂದಿ ಅಂದರೆ ಅದನ್ನು ಖಂಡಿತ ಕೇಳಿ.

---

ಬೆಟಗೇರಿ ಮಗಳು | ಬುಧವಾರ, ರಾತ್ರಿ 8:55

ನಿನ್ನೆ ಸಂಜೆ ಗದಗಕ್ಕೆ ಬಂದೆ. ಸಿಸ್ಟರ್ ಅಕ್ಕಾ, ನಿಮ್ಮ ಮಾತು ಓದಿದಾಗಿನಿಂದ ಮನಸ್ಸು ನಿಂತಿರಲಿಲ್ಲ.

ಅಪ್ಪಾಜಿ ಊಟಕ್ಕೆ ಕೂತಿದ್ದರು. "ತೋಳು ಏರಸ್ರಿ, ಒಂದೀಟು ನೋಡೋದೈತಿ" ಅಂದೆ. ಯಾವಾಗಲೂ ತುಂಬು ತೋಳಿನ ನೆಹರೂ ಶರ್ಟು ಅವರದು. ಎಡಗೈ ಒಳಭಾಗದಲ್ಲಿ, ಮಣಿಕಟ್ಟಿನಿಂದ ಎರಡು ಬೆರಳು ಮೇಲೆ ಶುರುವಾಗಿ ಮೊಣಕೈ ಹತ್ತಿರದವರೆಗೂ ಒಂದು ಬಿಳಿ ಗೆರೆ. ಅಕ್ಕಪಕ್ಕ ಹೊಲಿಗೆಯ ಸಣ್ಣ ಚುಕ್ಕಿ. ಆ ಗೆರೆ ನಾನು ಎಷ್ಟೋ ಸಲ ನೋಡಿದ್ದೇನೆ! ಮಗ್ಗದ ಗಾಯ ಅಂದುಕೊಂಡಿದ್ದೆ. ಬೈಪಾಸ್ ಆದಾಗ ನಾನು ಬಾಣಂತಿ, ಹುಬ್ಬಳ್ಳಿಯಲ್ಲಿದ್ದೆ. ಅಣ್ಣನೇ ಓಡಾಡಿದ್ದ. ಯಾರೂ ನನಗೆ ಹೇಳಿಯೂ ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಹೆಬ್ಬೆರಳ ಬುಡದ ಹತ್ತಿರ ನಾಡಿ ಹಿಡಿದೆ. ಬಲಗೈಯಲ್ಲಿ ಟಕ್ ಟಕ್ ಅಂತ ಸಿಕ್ಕಿತು. ಎಡಗೈಯಲ್ಲಿ ಏನೂ ಇಲ್ಲ. ಎರಡು ಮೂರು ಸಲ ಬೆರಳು ಸರಿಸಿ ನೋಡಿದೆ. ಅವರ ಕೈ ಬೆಚ್ಚಗಿತ್ತು, ಬೆರಳು ಆಡುತ್ತಿದ್ದವು, ನಾಡಿ ಮಾತ್ರ ಇಲ್ಲ. ನನಗೆ ಅಳು ಬಂತು. ಅಪ್ಪಾಜಿ ನನ್ನ ಮುಖ ನೋಡಿ "ಅದು ಆವಾಗಿಂದಾನ ಹಂಗ ಐತಿ, ಬಿಡು" ಅಂದರು.

ರಾತ್ರಿ ಟ್ರಂಕ್ ತೆಗೆದೆವು. ಜರಿ ಉಂಡೆ ಇಡುವ ಡಬ್ಬಿಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಫೈಲ್ ಇತ್ತು. ಹಾಳೆ ಅಂಟಿಕೊಂಡಿದ್ದವು, ಮೆಲ್ಲಗೆ ಬಿಡಿಸಿದೆ. ಮೂರು ಸಾಲು ಇವೆ: ಲೀಮಾ ಟು ಎಲ್‌ಎಡಿ, ರೇಡಿಯಲ್ ಟು ಓಎಂ, ಎಸ್‌ವಿಜಿ ಟು ಪಿಡಿಎ. ಬಿಪಿ ಎಡಗೈ 134, ಬಲಗೈ 138. ಕ್ರಿಯಾಟಿನಿನ್ 1.1.

ಇದರ ಅರ್ಥ ಏನು ಸರ್?

---

ಹೃದಯ ವಿಭಾಗದ ವೈದ್ಯ | ಬುಧವಾರ, ರಾತ್ರಿ 10:40

ತಂಗೀ, ಆ ಮೂರು ಸಾಲು ಸಿಕ್ಕಿದ್ದು ದೊಡ್ಡ ಕೆಲಸ.

ಮೊದಲ ಸಾಲು, ಎದೆಯ ನಾಳವನ್ನು ಮುಂಭಾಗಕ್ಕೆ ಹೊಲಿದಿದ್ದಾರೆ. ಎರಡನೆಯದು, ಎಡಗೈಯ ನಾಳ ತೆಗೆದು ಹೃದಯದ ಎಡಪಕ್ಕಕ್ಕೆ ಹಾಕಿದ್ದಾರೆ. ಮೂರನೆಯದು, ಕಾಲಿನ ನಾಳ ಬಲಭಾಗದ ಕೆಳಗೆ. ಹೆಚ್ಚಾಗಿ ಬಳಸದ ಕೈಯಿಂದಲೇ ನಾಳ ತೆಗೆಯುವುದು ರೂಢಿ, ಅದಕ್ಕೇ ಎಡಗೈ. ಅಂದರೆ ಸೂಜಿ ಹಾಕಲು ಎಡ ಮಣಿಕಟ್ಟಿನಲ್ಲಿ ಆ ನಾಳವೇ ಇಲ್ಲ. ಉಳಿದಿರುವ ಕಿರುಬೆರಳ ಕಡೆಯ ನಾಳವನ್ನೂ ಮುಟ್ಟಬಾರದು. ಆ ಕೈಗೆ ಇರುವುದು ಅದೊಂದೇ ಆಸರೆ.

ಬಲಗೈಯಿಂದ ಹೋದರೆ ಲೀಮಾ ಸಿಗುವುದು ಕಷ್ಟ. ಆದ್ದರಿಂದ ಈ ಸಲ ತೊಡೆಸಂದಿಯೇ ಸರಿ ಅಂತ ನನಗೆ ಅನಿಸುತ್ತದೆ. ಧಾರವಾಡದವರ ಮಾತು ನಿಮ್ಮ ತಂದೆಗೆ ಹೊಂದುತ್ತದೆ. ಎರಡೂ ಕೈ ಬಿಪಿ ಹತ್ತಿರ ಇರುವುದು ಒಳ್ಳೆಯ ಸೂಚನೆ. ಎಡಗೈಯಲ್ಲಿ 15ಕ್ಕಿಂತ ಜಾಸ್ತಿ ಕಡಿಮೆ ಇದ್ದಿದ್ದರೆ, ಲೀಮಾಗೆ ರಕ್ತ ಕೊಡುವ ಆ ದೊಡ್ಡ ನಾಳವೇ ಕಟ್ಟಿಕೊಂಡಿರಬಹುದು ಅಂತ ಅನುಮಾನ ಪಡಬೇಕಿತ್ತು. ಎದೆನೋವಿಗೆ ಅದೂ ಕಾರಣ ಆಗುತ್ತದೆ. ಕೊನೆಯ ತೀರ್ಮಾನ ರೋಗಿಯನ್ನು ಮುಟ್ಟಿ ನೋಡುವವರದು. ಫೈಲ್ ಅವರ ಮುಂದೆ ಇಡಿ.

---

ಲಕ್ಷ್ಮೇಶ್ವರದ ಅಕ್ಕ | ಗುರುವಾರ, ಬೆಳಿಗ್ಗೆ 11:00

ಇದನ್ನೆಲ್ಲ ಓದಿ ನಮ್ಮವ್ವನ ನೆನಪಾಯಿತು. ಅವ್ವನಿಗೂ ಬೈಪಾಸ್ ಆಗಿತ್ತು, ಜೊತೆಗೆ ಕಿಡ್ನಿ ತೊಂದರೆ. ಅವರಿಗೆ ಡಾಕ್ಟರು ಎರಡೂ ಕೈ ಮುಟ್ಟಲಿಲ್ಲ. ಮುಂದೆ ಡಯಾಲಿಸಿಸ್‌ಗೆ ಕೈಯಲ್ಲಿ ಫಿಸ್ಟುಲಾ (ಸೂಜಿ ಹಾಕಲು ಎರಡು ನಾಳ ಜೋಡಿಸುವುದು) ಮಾಡಬೇಕಾದರೆ ಆ ನಾಳ ಬೇಕು ಅಂದರು. ಕಿಡ್ನಿ ತೊಂದರೆ ಇರುವವರು ಇದನ್ನು ಮರೆಯದೆ ಕೇಳಿ. ಮೊದಲೇ ಸಿಟಿ ಸ್ಕ್ಯಾನ್‌ನಲ್ಲಿ ಗ್ರಾಫ್ಟ್ ನೋಡುವುದೂ ಇದೆಯಂತೆ, ಹೌದಾ ಸರ್?

---

ಹೃದಯ ವಿಭಾಗದ ವೈದ್ಯ | ಗುರುವಾರ, ಮಧ್ಯಾಹ್ನ 1:45

ಹೌದು ಅಕ್ಕಾರೆ. ಹಳೆಯ ಪೇಪರ್ ಕಳೆದುಹೋದವರಿಗೆ ಅದು ಬಹಳ ಉಪಯೋಗ. 2023ರಲ್ಲಿ ಲಂಡನ್ನಿನಿಂದ ಬಂದ ಅಧ್ಯಯನದಲ್ಲಿ, ಮೊದಲು ಸಿಟಿ ನೋಡಿಕೊಂಡು ಆಮೇಲೆ ಆಂಜಿಯೋ ಮಾಡಿದಾಗ ಹೊತ್ತು ಅರ್ಧಕ್ಕೆ ಇಳಿಯಿತು, ಕಿಡ್ನಿಗೆ ಪೆಟ್ಟು ಬೀಳುವುದೂ ಕಡಿಮೆಯಾಯಿತು. ಆದರೆ ಸಿಟಿಗೂ ಡೈ ಬೇಕು. ಎಲ್ಲರಿಗೂ ಬೇಕು ಅಂತಿಲ್ಲ.

---

ಕ್ಯಾಥ್ ಲ್ಯಾಬ್ ಸಿಸ್ಟರ್ | ಗುರುವಾರ, ರಾತ್ರಿ 9:30

ತೊಡೆಸಂದಿ ಅಂತ ಆದರೆ ಆ ದಿನದ ಬಗ್ಗೆ ಹೇಳುತ್ತೇನೆ ಅಕ್ಕಾ. ಪೈಪ್ ತೆಗೆದ ಮೇಲೆ 15-20 ನಿಮಿಷ ಕೈಯಿಂದ ಗಟ್ಟಿಯಾಗಿ ಒತ್ತುತ್ತಾರೆ. ಆಮೇಲೆ 4ರಿಂದ 6 ತಾಸು ಅಂಗಾತ ಮಲಗಬೇಕು. ಆ ಕಾಲು ಮಡಚುವಂತಿಲ್ಲ. ವಯಸ್ಸಾದವರಿಗೆ ಸೊಂಟ ಹಿಡಿಯುತ್ತದೆ, ಮಲಗಿ ಮೂತ್ರ ಮಾಡಲು ನಾಚಿಕೆ. ಅದಕ್ಕೇ ನೀರೇ ಕುಡಿಯುವುದಿಲ್ಲ ಅಂತಾರೆ. ಕುಡಿಯಲೇಬೇಕು, ಡೈ ಹೊರಗೆ ಹೋಗಬೇಕು. ಮಲಗಿಕೊಂಡೇ ಮೂತ್ರ ಮಾಡುವುದು ಹಿಂದಿನ ದಿನವೇ ಒಮ್ಮೆ ರೂಢಿ ಮಾಡಿಸಿ. ಕೆಮ್ಮು, ಸೀನು ಬಂದರೆ ಪಟ್ಟಿ ಮೇಲೆ ಅಂಗೈ ಒತ್ತಿಕೊಳ್ಳಲಿ. ಬಾವು ಏರುತ್ತಿದೆ, ಬೆನ್ನು ನೋಯುತ್ತಿದೆ, ಬೆವರು ಬರುತ್ತಿದೆ ಅಂದರೆ ತಡ ಮಾಡದೆ ಕೂಗಿ. "ಸಿಸ್ಟರಿಗೆ ಯಾಕ ತ್ರಾಸು" ಅಂತ ಸುಮ್ಮನಿರಬೇಡಿ. ನಾವು ಇರುವುದೇ ಅದಕ್ಕೆ.

ಆಯುಷ್ಮಾನ್ ಕಾರ್ಡ್ ಇದ್ದರೆ ಆರೋಗ್ಯ ಮಿತ್ರ ಕೌಂಟರಿನಲ್ಲಿ ಒಂದು ದಿನ ಮೊದಲೇ ವಿಚಾರಿಸಿ.

---

ಬೆಟಗೇರಿ ಮಗಳು | ಮುಂದಿನ ಬುಧವಾರ, ರಾತ್ರಿ 9:15

ನಿನ್ನೆ ಆಂಜಿಯೋ ಆಯಿತು. ಧಾರವಾಡದಲ್ಲೇ ಮಾಡಿಸಿದೆವು. ಫೈಲ್ ನೋಡಿ ಡಾಕ್ಟರು ಐದು ನಿಮಿಷ ಕೂತು ಮಾತಾಡಿದರು. ಮೊದಲ ಸಲ ಹೀಗೆ ಮಾತಾಡಿರಲಿಲ್ಲ. ಬಲ ತೊಡೆಸಂದಿಯಿಂದ, ಅಲ್ಟ್ರಾಸೌಂಡ್ ನೋಡಿಕೊಂಡೇ ಮಾಡಿದರು. ಅರ್ಧ ತಾಸಿನೊಳಗೆ ಮುಗಿಯಿತು. ಸಣ್ಣ ನೀಲಿ ಕಲೆ ಬಿಟ್ಟರೆ ಏನೂ ಇಲ್ಲ.

ಎದೆಯ ನಾಳ ಚೆನ್ನಾಗಿದೆ. ಕೈಯಿಂದ ತೆಗೆದದ್ದೂ ಚೆನ್ನಾಗಿದೆ. ಕಾಲಿನ ನಾಳ ಪೂರ್ತಿ ಮುಚ್ಚಿದೆ. ಅದನ್ನು ಕೆದಕುವುದಕ್ಕಿಂತ ಬಲಭಾಗದ ಮೂಲ ನಾಳದಲ್ಲೇ ದಾರಿ ಮಾಡಿ ಸ್ಟೆಂಟ್ ಹಾಕೋಣ ಅಂದರು, ಮುಂದಿನ ವಾರ. ಅದಕ್ಕೆ ಲೀಮಾ ಹುಡುಕುವ ಕೆಲಸ ಇಲ್ಲವಲ್ಲ, ಹಾಗಾಗಿ ಬಲಗೈ ಮಣಿಕಟ್ಟಿನಿಂದಲೇ ಆಗುತ್ತದೆಯಂತೆ! ಒಬ್ಬರೇ ಮನುಷ್ಯ, ಒಂದು ವಾರಕ್ಕೆ ಕಾಲು, ಇನ್ನೊಂದು ವಾರಕ್ಕೆ ಕೈ. ಇಲ್ಲಿ ನಿಮ್ಮ ಮಾತು ಓದಿರದಿದ್ದರೆ ನಾನು ಇವರಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದೆ. ಈಗ ಯಾಕೆ ಅಂತ ಅಪ್ಪಾಜಿಗೂ ನಾನೇ ಬಿಡಿಸಿ ಹೇಳಿದೆ.

ಅವರ ಪ್ರಶ್ನೆ ಮಾತ್ರ ಅದೇ. ಲಾಳಿ ಹಗ್ಗ ಎಳೆಯುವುದು ಬಲಗೈಯಿಂದ. ಎಷ್ಟು ದಿನ ಮಗ್ಗ ಬಿಡಬೇಕು ಸಿಸ್ಟರ್?

---

ಕ್ಯಾಥ್ ಲ್ಯಾಬ್ ಸಿಸ್ಟರ್ | ಗುರುವಾರ, ಬೆಳಿಗ್ಗೆ 6:40

ಬಹಳ ಖುಷಿಯಾಯಿತು ಅಕ್ಕಾ. ಮೊದಲ ಎರಡು ದಿನ ಮಣಿಕಟ್ಟು ಮಡಚುವುದು, ಭಾರ ಎತ್ತುವುದು ಬೇಡ. ಲಾಳಿ ಎಳೆಯುವುದು ಒಂದು ವಾರ ಬೇಡ. ಆಮೇಲೆ ಡಾಕ್ಟರು ಕೈ ನೋಡಿ ಸರಿ ಅಂದ ಮೇಲೆ ಕೂರಲಿ. ಡ್ರಿಪ್ ಸೂಜಿ ಬಲಗೈ ಮಣಿಕಟ್ಟಿನ ಹತ್ತಿರ ಹಾಕದಂತೆ ವಾರ್ಡಿನಲ್ಲೇ ಹೇಳಿ.

---

ಹಾವೇರಿ ಮಾಸ್ತರ | ಗುರುವಾರ, ಬೆಳಿಗ್ಗೆ 8:05

ತಂಗೀ, ನಿನ್ನೆ ನಾನೂ ನನ್ನ ಹಳೆಯ ಫೈಲ್ ತೆಗೆದು ಆ ಸಾಲುಗಳನ್ನು ಒಂದು ಚೀಟಿಗೆ ಬರೆದು ಪಾಕೀಟಿನಲ್ಲಿ ಇಟ್ಟುಕೊಂಡೆ. ಮಗನ ಮೊಬೈಲಿಗೂ ಫೋಟೋ ಕಳಿಸಿದ್ದೇನೆ. ಸ್ಟೆಂಟ್ ಆದ ದಿನ ಒಂದು ಮಾತು ಇಲ್ಲಿ ಬರಿ.